ದೊಡ್ಡ ಕಾರು ಮತ್ತು ಜವರಣ್ಣನ ಚಪ್ಪಲಿ

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನ ಎದುರು ನನ್ನ ಚಪ್ಪಲಿ ಬಿಟ್ಟು ಬಂದೆ. ಕಿತ್ತುಹೋಗಿರಲಿಲ್ಲ, ಯಾರೂ ಕದ್ದಿರಲಿಲ್ಲ. ನಾನೇ ರಸ್ತೆ ಬದಿಯಲ್ಲಿ ಜೋಡಿಸಿ, ಅಚ್ಚುಕಟ್ಟಾಗಿ ಬಿಟ್ಟು, ಅಳಿಯನ ಹೊಸ ಕಾರು ಹತ್ತಿದ್ದೆ. ಗೊತ್ತಾದದ್ದು ಮನೆ ಮುಂದೆ ಇಳಿದು ಬಿಸಿ ಸಿಮೆಂಟಿನ ಮೇಲೆ ಕಾಲಿಟ್ಟಾಗ. ವಾಪಸ್ ಹೋಗಿ ನೋಡಿಕೊಂಡು ಬರೋಣವೇ ಎಂದು ಅಳಿಯ ಕೇಳಿದ. ಬೇಡಪ್ಪ ಎಂದೆ. ಅವನಿಗೆ ಒಳ್ಳೆಯತನ ಜಾಸ್ತಿ, ನನಗೆ ಆಯಾಸ ಜಾಸ್ತಿ. ಅರವತ್ತೈದು ದಾಟಿದ ಮೇಲೆ ಒಂದು ಜೊತೆ ಹಳೇ ಚಪ್ಪಲಿಗಾಗಿ ಬಂದ ದಾರಿಯಲ್ಲೇ ತಿರುಗಿ ಹೋಗುವ ಹುಮ್ಮಸ್ಸು ಯಾರಿಗಿರುತ್ತದೆ, ನೀವೇ ಹೇಳಿ.

ಮರೆವು ಶುರುವಾಯಿತು, ಡಾಕ್ಟರಿಗೆ ತೋರಿಸೋಣ ಎಂದು ನನ್ನ ಹೆಂಡತಿ ಎರಡು ದಿನ ಬೆನ್ನು ಹತ್ತಿದಳು. ಇದು ಮರೆವಲ್ಲ ಕಣೇ, ಅಂಟುಜಾಡ್ಯ, ಐವತ್ತಾರು ವರ್ಷದ ಹಿಂದೆ ಜವರಣ್ಣನಿಂದ ಅಂಟಿದ್ದು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಜವರಣ್ಣನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಅವನ ವಿಚಾರ ಹೇಳುವವರನ್ನೂ ನಂಬುವುದಿಲ್ಲ ಅಂತ ಈಗ ಗೊತ್ತಾಯಿತು.

ಜವರಣ್ಣ ನಮ್ಮೂರು ಹಳೇಕೋಟೆಯ ದೊಡ್ಡಗೌಡರ ಮನೆಯ ಡ್ರೈವರಾಗಿದ್ದವನು. ಗೌಡರ ಕಾರಿಗೆ ಊರಲ್ಲಿ 'ದೊಡ್ಡ ಕಾರು' ಎಂದೇ ಹೆಸರು. ಅದಕ್ಕೊಂದು ವಿಲಾಯಿತಿ ಹೆಸರೂ ಇತ್ತು, ಊರಿನವರು ಅದನ್ನು ಮೂರು ಥರ ಹೇಳುತ್ತಿದ್ದರು, ಮೂರೂ ತಪ್ಪು. ಕಪ್ಪು ಬಣ್ಣ. ಎರಡೂ ಕಡೆ ನಿಂತು ಹೋಗಬಹುದಾದಂಥ ಅಗಲದ ಮೆಟ್ಟಿಲು. ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಬೆಳ್ಳಿ ಬಣ್ಣದ ಹಕ್ಕಿ. ಒಳಗೆ ಚರ್ಮದ ಸೀಟು. ಬಾಗಿಲು ಹಾಕಿದರೆ ಗೌಡರ ಮನೆಯ ಕಬ್ಬಿಣದ ಬೀರು ಮುಚ್ಚಿದ ಸದ್ದು. ಆ ಕಾರು ಹೋದ ಮೇಲೂ ಪೆಟ್ರೋಲಿನ ವಾಸನೆ ಬೀದಿಯಲ್ಲಿ ನಿಂತಿರುತ್ತಿತ್ತು, ನಾವು ಹುಡುಗರು ಅದನ್ನು ಮೂಗಿನ ತುಂಬ ಎಳೆದುಕೊಂಡು ಸ್ಕೂಲಿಗೆ ಹೋಗುತ್ತಿದ್ದೆವು. ಇವತ್ತಿನ ನನ್ನ ಉಬ್ಬಸಕ್ಕೆ ಅದೇ ಕಾರಣವಿದ್ದರೂ ಇರಬಹುದು.

ಜವರಣ್ಣನ ಪಾಲಿಗೆ ಕಾರೆಂದರೆ ಲಕ್ಷ್ಮಿ. ಲಕ್ಷ್ಮಿಯ ಮೇಲೆ ಚಪ್ಪಲಿ ಕಾಲಿಡುವುದುಂಟೆ? ಹತ್ತುವ ಮೊದಲು ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಗಾಡಿ ಎತ್ತುವನು. ಕೈಗೆತ್ತಿಕೊಂಡು ಒಳಗಿಟ್ಟುಕೊಳ್ಳಬಾರದಿತ್ತೆ ಎಂದು ನೀವು ಕೇಳಬಹುದು. ಗರ್ಭಗುಡಿಯೊಳಕ್ಕೆ ಯಾರಾದರೂ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆಯೇ ಎಂದು ಅವನು ತಿರುಗಿ ಕೇಳುತ್ತಿದ್ದ. ಹೀಗಾಗಿ ಅವನ ಚಪ್ಪಲಿಗಳು ಹೊಳೆನರಸೀಪುರದಲ್ಲಿ, ಹಾಸನದಲ್ಲಿ, ಚನ್ನರಾಯಪಟ್ಟಣದಲ್ಲಿ ಅಲ್ಲಲ್ಲಿ ಉಳಿದುಬಿಡುತ್ತಿದ್ದವು. ಇದು ಹಳೇಕೋಟೆ ಜವರನದು ಎಂದು ಎಲ್ಲರಿಗೂ ಗೊತ್ತು. ಯಾರಾದರೂ ಪುಣ್ಯಾತ್ಮರು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅವನ ಹೆಂಡತಿ ದೇವೀರಕ್ಕ ಬಸ್ಸು ನಿಲ್ಲುವಲ್ಲಿ ಹೋಗಿ ಇಸಿದುಕೊಂಡು ಬರುವಳು. ಮದುವೆಯಾದ ಮೇಲೆ ಗಂಡನಿಗಿಂತ ಗಂಡನ ಚಪ್ಪಲಿಯನ್ನೇ ಹೆಚ್ಚು ಕಾದಿದ್ದೇನೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಗೌಡರಿಗೂ ಇದರಿಂದ ತಾಪತ್ರಯವಾಯಿತು. ಹಾಸನದ ಕೋರ್ಟಿಗೆ ಎಂದು ಮನೆಯಲ್ಲಿ ಹೇಳಿ ಹೊರಟ ದಿನದ ಚಪ್ಪಲಿ ಅರಕಲಗೂಡಿನ ಬಸ್ಸಿನಲ್ಲಿ ಬಂತು. ಅರಕಲಗೂಡಿನಲ್ಲಿ ಗೌಡರ ಇಸ್ಪೀಟಿನ ಗೆಳೆಯರೊಬ್ಬರಿದ್ದರು. ಆಮೇಲೆ ಒಂದು ವಾರ ಗೌಡರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ನಾನು ಆ ಕಾರಿನಲ್ಲಿ ಕೂತದ್ದು ಒಂದೇ ಸಲ, ಎಂಟು ವರ್ಷದವನಿದ್ದಾಗ. ಗೌಡರ ಮನೆಯ ಮದುವೆಯ ದಿಬ್ಬಣ. ಸೀಟುಗಳೆಲ್ಲ ದೊಡ್ಡವರಿಗೆ, ನನ್ನನ್ನು ಮುಂದೆ, ಡ್ರೈವರಿನ ಪಕ್ಕ ಕೆಳಗೆ ಕೂರಿಸಿದರು. ಹೊರಗಿನ ಊರು ಗದ್ದೆ ಒಂದೂ ನನಗೆ ಕಾಣಲಿಲ್ಲ. ಕಂಡದ್ದು ಜವರಣ್ಣನ ಎರಡು ಪಾದ. ಬಲಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. ಹುಟ್ಟಿನಿಂದಲೇ ಹಾಗಂತೆ. ಚರ್ಮದ ಸೀಟಿನ ವಾಸನೆ, ಪೆಟ್ರೋಲಿನ ವಾಸನೆ, ಹೆಂಗಸರ ಮಲ್ಲಿಗೆಯ ವಾಸನೆ ಎಲ್ಲ ಸೇರಿ ಹೊಟ್ಟೆ ತೊಳಸಿ, ಹೊಳೆ ಸೇತುವೆ ದಾಟುವಾಗ ಆ ಪಾದದ ಮೇಲೆಯೇ ಕಾರಿಕೊಂಡೆ. ಜವರಣ್ಣ ಕಾಲು ಕದಲಿಸಲಿಲ್ಲ, ಗಾಡಿ ನಿಲ್ಲಿಸಲಿಲ್ಲ. ಹಿಂದಿನಿಂದ ಗೌಡರು ಏನೋ ವಾಸನೆ ಎಂದಾಗ, ಹೊಲಕ್ಕೆ ಗೊಬ್ಬರ ಹೊಡೆದಿದ್ದಾರೆ ಸಾ ಎಂದ. ಮದುವೆಮನೆ ತಲುಪಿದ ಮೇಲೆ ತಾನೇ ನೀರು ತಂದು ಎಲ್ಲ ತೊಳೆದು, ನನ್ನ ಬಾಯನ್ನೂ ಒರೆಸಿದ. ಯಾರಿಗೂ ಹೇಳಲಿಲ್ಲ.

ಅದರ ಮಾರನೇ ವರ್ಷ ಸಿನಿಮಾದವರು ಬಂದದ್ದು. ಹೇಮಾವತಿ ದಂಡೆಯಲ್ಲಿ ನಾಲ್ಕು ದಿನ ಶೂಟಿಂಗು. ಶ್ರೀಮಂತ ನಾಯಕನಿಗೆ ಶ್ರೀಮಂತ ಕಾರು ಬೇಕಿತ್ತು, ಗೌಡರದನ್ನು ಕೇಳಿ ಪಡೆದರು. ಕಾರಿನ ಜೊತೆ ಜವರಣ್ಣನೂ ಹೋದ. ಶೂಟಿಂಗು ನೋಡಲು ನಮ್ಮನ್ನು ಹತ್ತಿರಕ್ಕೇ ಬಿಡಲಿಲ್ಲ. ಐದನೇ ದಿನ ವಾಪಸ್ ಬಂದ ಜವರಣ್ಣ, ಅರಳಿಕಟ್ಟೆಯ ಮೇಲೆ ಕೂತು, ನಾಯಕನಿಗೆ ಆ ಗೇರು ಒಗ್ಗಲಿಲ್ಲವೆಂದೂ, ನಾಯಕನ ಕೋಟು ಪ್ಯಾಂಟು ಹಾಕಿಸಿ ತನ್ನ ಕೈಲೇ ಕಾರು ಓಡಿಸಿ ಚಿತ್ರ ತೆಗೆದರೆಂದೂ ಹೇಳಿದ. ಕೊನೆಗೆ ಹೊತ್ತು ಮುಳುಗುವಾಗ ಕ್ಯಾಮೆರಾ ತಂದು ಕಾಲ ಹತ್ತಿರ ಇಟ್ಟು ಅದೇನೋ ತೆಗೆದರಂತೆ, ಯಾಕೆಂದು ಅವನಿಗೂ ತಿಳಿಯದು. ಊರು ಬಾಯಿ ಬಿಟ್ಟುಕೊಂಡು ಕೇಳಿತು.

ಚಿತ್ರ ಹೊಳೆನರಸೀಪುರದ ಟೆಂಟಿಗೆ ಬರುವ ಹೊತ್ತಿಗೆ ಒಂದು ವರ್ಷವಾಯಿತು. ನಾಲ್ಕು ಗಾಡಿ ಕಟ್ಟಿಕೊಂಡು ಊರೇ ಹೋಯಿತು. ದೇವೀರಕ್ಕ ಮದುವೆಯ ಸೀರೆ ಉಟ್ಟಿದ್ದಳು. ನಾನು ಜವರಣ್ಣನ ತೊಡೆಯ ಮೇಲೆ ಕೂತಿದ್ದೆ. ಅಷ್ಟು ಊರು ಸುತ್ತಿ ಬಂದ ರೀಲು ಎಲ್ಲೆಲ್ಲೋ ಹರಿದು, ಅಂಟಿಸಿಕೊಂಡು ಬಂದಿತ್ತು. ದೊಡ್ಡ ಕಾರು ದೂರದ ಏರಿಯ ಮೇಲೆ ಒಂದು ಚಣ ಕಾಣಿಸಿಕೊಂಡಿತು, ಅಷ್ಟರಲ್ಲಿ ರೀಲು ಕತ್ತರಿಸಿ ಯಾರದೋ ಮದುವೆಮನೆ ಬಂತು. ಕಾರು ನಮ್ಮದೇ ಅಂತಲೂ ಹೇಳುವಂತಿರಲಿಲ್ಲ. ಚಿತ್ರ ಮುಗಿದು ದೀಪ ಹೊತ್ತಿದಾಗ ನಾನು, ಹತ್ತು ವರ್ಷದ ಮುಠ್ಠಾಳ, ಇಡೀ ಟೆಂಟಿಗೆ ಕೇಳುವಂತೆ ಕೂಗಿ ಕೇಳಿದೆ: "ಜವರಣ್ಣ, ನೀನೆಲ್ಲಿದ್ದೆ? ನಿನ್ನ ತೋರಿಸ್ಲೇ ಇಲ್ವಲ್ಲ."

ಟೆಂಟು ನಕ್ಕಿತು. ಅವತ್ತು ಶುರುವಾದ ನಗು ಮುಂದೆ ಐವತ್ತೈದು ವರ್ಷ ನಿಲ್ಲಲಿಲ್ಲ. ಅವನ ಹೆಸರು 'ಪಿಚ್ಚರ್ ಜವರ' ಎಂದಾಯಿತು. ಊರಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ 'ಏನ್ಲಾ, ಪಿಚ್ಚರ್ ತಗೀತಿದ್ದೀಯಾ' ಎನ್ನುವ ಮಾತು ಹುಟ್ಟಿತು. ನಾನೂ ಅಂದಿದ್ದೇನೆ. ಅವನ ಎದುರೇ ಅಂದಿದ್ದೇನೆ. ಜವರಣ್ಣ ಜಗಳಕ್ಕೆ ಬರುತ್ತಿರಲಿಲ್ಲ, ನಾನೇ ಓಡಿಸಿದ್ದು ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ಕಾಲ ಕಳೆದು ಅದನ್ನೂ ಹೇಳುವುದು ಬಿಟ್ಟ. ಅವನು ಹೇಳುವುದು ಬಿಟ್ಟದ್ದು ನನ್ನಿಂದ ಎಂಬುದು ನನಗೆ ಬುದ್ಧಿ ಬಂದ ಮೇಲೆ ಹೊಳೆಯಿತು, ಹೊಳೆದರೂ ಏನೂ ಮಾಡಲಿಲ್ಲ. ಕೆಲಸ, ಮಕ್ಕಳು, ಹಾಸನದ ಬಾಡಿಗೆ ಮನೆ. ಇವೆಲ್ಲ ನೆಪ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಇಂಥ ನನಗೆ ಹೋದ ಚಳಿಗಾಲದಲ್ಲಿ ಗೌಡರ ಮೊಮ್ಮಗ ರಮೇಶ ಫೋನ್ ಮಾಡಿದ. ದೊಡ್ಡ ಕಾರು ಮೂವತ್ತು ವರ್ಷದಿಂದ ಶೆಡ್ಡಿನಲ್ಲಿ ಬಿದ್ದಿದೆ, ಅವನಿಗೆ ಟ್ರಾಕ್ಟರು ನಿಲ್ಲಿಸಲು ಜಾಗ ಬೇಕು. ಬೆಂಗಳೂರಿನಿಂದ ಹಳೇ ಕಾರು ಕೂಡಿಡುವ ಶ್ರೀಮಂತರೊಬ್ಬರು ಬಂದು ನೋಡಿದ್ದಾರೆ. ಸಿನಿಮಾದಲ್ಲಿ ಬಂದ ಕಾರು ಇದೇ ಎಂದು ಸಾಬೀತಾದರೆ ಇಡಿಯಾಗಿ ರಿಪೇರಿ ಮಾಡಿಸಿ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಬಿಚ್ಚಿ, ತಮ್ಮ ಹತ್ತಿರ ಇರುವ ಇಂಥದೇ ಇನ್ನೊಂದು ಕಾರಿಗೆ ಬಿಡಿಭಾಗ ಮಾಡಿಕೊಳ್ಳುತ್ತಾರೆ. ಯುಗಾದಿಯೊಳಗೆ ಹೇಳಬೇಕು. ನೀವು ರಿಟೈರ್ ಆಗಿದ್ದೀರಲ್ಲ, ಕಾಲೇಜು ಆಫೀಸಿನಲ್ಲಿ ಬೇಕಾದಷ್ಟು ರೆಕಾರ್ಡು ಹುಡುಕಿದವರು, ಸ್ವಲ್ಪ ನೋಡಿ ಎಂದ. ನಾನು ಹುಡುಕುತ್ತಿದ್ದದ್ದು ಹುಡುಗರ ಟಿ.ಸಿ. ಕಾರಿಗೆ ಟಿ.ಸಿ. ಇರುವುದಿಲ್ಲ ಎಂದು ಹೇಳಿ ಜಾರಿಕೊಳ್ಳುವವನಿದ್ದೆ. ಆದರೆ ಮಾತಿನ ಕೊನೆಗೆ ರಮೇಶ, ಜವರಣ್ಣ ದಿನಾ ಬಂದು ಶೆಡ್ಡಿನ ಮುಂದೆ ಕೂತಿರುತ್ತಾನೆ ಎಂದ. ಅದು ಕೇಳಿ ಒಪ್ಪಿಕೊಂಡೆ.

ಆಮೇಲೆ ಶುರುವಾಯಿತು ನೋಡಿ ನನ್ನ ಬಸ್ಸಿನ ವನವಾಸ. ಚಿತ್ರದ ಹೆಸರು ಊರಲ್ಲಿ ಯಾರಿಗೂ ನೆನಪಿರಲಿಲ್ಲ, ಜವರಣ್ಣನನ್ನು ಕೇಳುವ ಮುಖ ನನಗಿರಲಿಲ್ಲ. ನಮ್ಮ ಕಡೆ ಯಾರನ್ನಾದರೂ ಏನಾದರೂ ಕೇಳಿದರೆ ಗೊತ್ತಿಲ್ಲ ಎಂದು ಹೇಳುವ ಪದ್ಧತಿ ಇಲ್ಲ, ಅದು ಅತಿಥಿಗೆ ಅವಮಾನ. ಕಟ್ಟಾಯದಲ್ಲಿ ಒಬ್ಬ ಹಿರಿಯರು ಈ ಕಾರು ಅರಮನೆಯಿಂದ ಬಂದದ್ದು ಎಂದು ಆಣೆ ಮಾಡಿದರು. ಅರಕಲಗೂಡಿನ ಇಸ್ಪೀಟಿನ ಗೆಳೆಯರ ಮಗ, ಅರಮನೆಯೂ ಅಲ್ಲ ಗುಡಿಸಲೂ ಅಲ್ಲ, ಯಾರೋ ಕಾಫಿ ತೋಟದ ದೊರೆ ಸಾಲಕ್ಕೆ ಬಿಟ್ಟುಹೋದದ್ದು ಎಂದರು. ಹೊಳೆನರಸೀಪುರದಲ್ಲಿ ಟೆಂಟು ಇದ್ದ ಜಾಗದಲ್ಲಿ ಈಗ ಕಲ್ಯಾಣಮಂಟಪ, ಅದರ ಕಾವಲುಗಾರ ಸಿನಿಮಾದ ಹೆಸರು, ನಾಯಕಿ, ಕಥೆ ಎಲ್ಲ ಹೇಳಿದ. ಕೂತು ಲೆಕ್ಕ ಹಾಕಿದರೆ ಆ ಚಿತ್ರ ಬಂದಾಗ ಅವನು ಹುಟ್ಟಿರಲೇ ಇಲ್ಲ. ಹೋದಲ್ಲೆಲ್ಲ ಕಾಫಿ ಕೊಟ್ಟರು, ಊಟಕ್ಕೆಬ್ಬಿಸಿದರು, ತಮ್ಮ ಮಗಳ ಕಾಲೇಜು ಸೀಟಿನ ಬಗ್ಗೆ ವಿಚಾರಿಸಿದರು. ಸಂಜೆ ಮನೆಗೆ ಬಂದು ಕಾಲು ಚಾಚಿದರೆ ಮಂಡಿ ನನ್ನದಲ್ಲ ಅನ್ನಿಸುತ್ತಿತ್ತು.

ಒಂದೇ ಒಂದು ಗಟ್ಟಿ ಕಾಳು ಸಿಕ್ಕಿದ್ದು ಚನ್ನರಾಯಪಟ್ಟಣದಲ್ಲಿ. ಅಲ್ಲಿ ಹಿತ್ತಾಳೆ ಎರಕದ ಆಚಾರರೊಬ್ಬರ ಮಗ, ಈಗ ಅವರೂ ಮುದುಕರು, ತಮ್ಮ ತಂದೆ ಹೇಳುತ್ತಿದ್ದ ಒಂದು ಕಥೆ ಹೇಳಿದರು. ಬ್ರೇಕಿನ ಪೆಡಲಿನ ರಬ್ಬರು ಸವೆದು ಬರಿಗಾಲು ಜಾರುತ್ತದೆ, ಹಿತ್ತಾಳೆಯದೊಂದು ಪಟ್ಟಿ ಮಾಡಿಕೊಡಿ ಎಂದು ಹಳೇಕೋಟೆಯ ಡ್ರೈವರೊಬ್ಬ ಬಂದಿದ್ದನಂತೆ. ಆಚಾರರು ಕಾಲು ಜಾರದಂತೆ ಅಡ್ಡ ಉದ್ದ ಗೆರೆ ಕೊರೆದು, ಅಂದಕ್ಕಿರಲಿ ಎಂದು ನಡುವೆ ಒಂದು ತಾವರೆ ಹೂವನ್ನೂ ಬಿಡಿಸಿದರು. ಡ್ರೈವರು ನೋಡಿ ಎರಡು ಹೆಜ್ಜೆ ಹಿಂದೆ ಸರಿದನಂತೆ. ತಾವರೆಯ ಮೇಲೆ ಕಾಲಿಡುವವನು ನಾನಲ್ಲ ಎಂದನಂತೆ. ಅವನ ಕಾಟಕ್ಕೆ ಆಚಾರರು ಅಷ್ಟು ಚಂದದ ಹೂವನ್ನು ತಾವೇ ಅರದಿಂದ ಉಜ್ಜಿ ಉಜ್ಜಿ ಅಳಿಸಬೇಕಾಯಿತು. ಸಾಯುವವರೆಗೂ ಅಪ್ಪ ಅವನನ್ನು ಬೈಯುತ್ತಿದ್ದರು ಎಂದು ಮಗ ನಕ್ಕರು. ಮಾರನೇ ದಿನ ಹಳೇಕೋಟೆಗೆ ಹೋಗಿ, ಶೆಡ್ಡಿನಲ್ಲಿ ಧೂಳು ಒರೆಸಿ ನೋಡಿದೆ. ಪೆಡಲಿನ ಮೇಲೆ ಅಡ್ಡ ಉದ್ದ ಗೆರೆಗಳ ನಡುವೆ, ರೂಪಾಯಿ ಅಗಲದ ಒಂದು ನುಣುಪಾದ ಬೋಳು ಜಾಗ.

ಚಂದದ ಕಥೆ. ಆದರೆ ಇದರಿಂದ ಸಿನಿಮಾ ಎಲ್ಲಿ ಸಾಬೀತಾಯಿತು? ಯುಗಾದಿಗೆ ಹತ್ತು ದಿನ ಉಳಿದಿತ್ತು. ನನಗೆ ಸಾಕಾಗಿ ಹೋಗಿತ್ತು. ಆಗಲಿಲ್ಲವೆಂದು ರಮೇಶನಿಗೆ ಹೇಳಿಬಿಡೋಣ ಎಂದುಕೊಂಡು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ನನ್ನ ಹೆಂಡತಿ ದಿನಾ ಆ ಹೊತ್ತಿನಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು, ಹಳೇ ಚಿತ್ರಗಳನ್ನು ನೋಡುತ್ತ ಅವರೇಕಾಯಿ ಸುಲಿಯುತ್ತಾಳೆ. ನಡುವೆ ಒಮ್ಮೆ ನಗುವುದು ಕೇಳಿಸಿತು.

"ಇಲ್ನೋಡ್ರೀ, ಎಂಥಾ ಸೂಟು ಹಾಕ್ಕೊಂಡಿದ್ದಾನೆ, ಕಾಲಿಗೆ ಬೂಟೇ ಇಲ್ಲ."

ಎದ್ದು ಹೋಗಿ ನೋಡಿದೆ. ಕಪ್ಪು ಬಿಳುಪಿನ, ಮಂಜು ಕವಿದಂಥ ಚಿತ್ರ. ರಸ್ತೆಗೆ ಒಂದು ಮೇಕೆ ಅಡ್ಡ ಬರುತ್ತದೆ. ನಾಯಕನ ಗಾಬರಿಯ ಮುಖ. ಮರುಚಣ ತೆರೆಯ ತುಂಬ ಒಂದು ಪೆಡಲು: ಅಡ್ಡ ಉದ್ದ ಗೆರೆ, ನಡುವೆ ಬೋಳು. ಅದರ ಮೇಲೆ, ಇಸ್ತ್ರಿ ಮಾಡಿದ ಪ್ಯಾಂಟಿನ ಕೆಳಗಿಂದ, ಧಡಕ್ಕನೆ ಬಂದು ಕೂತ ಬರಿಗಾಲು. ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿದೆ.

ನಾನು ಹದಿನೈದು ಸಲ ಹಿಂದಕ್ಕೆ ಹಾಕಿ ನೋಡಿದೆ. ಕ್ಯಾಮೆರಾದವರು ಗಮನಿಸಲಿಲ್ಲವೇ? ಗಮನಿಸಿರಬೇಕು. ಹೊತ್ತು ಮುಳುಗುತ್ತಿತ್ತು, ಕಾರು ಮಾರನೇ ದಿನ ಸಿಗುವಂತಿರಲಿಲ್ಲ, ಯಾರು ನೋಡುತ್ತಾರೆ ಬಿಡು ಎಂದುಕೊಂಡಿರಬೇಕು. ಅವರಂದುಕೊಂಡದ್ದು ಸರಿಯೇ. ಐವತ್ತೈದು ವರ್ಷ ಯಾರೂ ನೋಡಲಿಲ್ಲ. ಆ ಪಾದವನ್ನು ನನ್ನಷ್ಟು ಹತ್ತಿರದಿಂದ ಬಲ್ಲವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಎರಡು ತಿಂಗಳು ನಾಲ್ಕು ತಾಲ್ಲೂಕು ಸುತ್ತಿ ನಾನು ಹುಡುಕಿದ್ದನ್ನು, ಇವಳು ಅವರೇಕಾಯಿ ಸುಲಿಯುತ್ತ ಹುಡುಕಿದಳು ಎನ್ನುವುದಕ್ಕೂ ಸ್ವಲ್ಪ ಅಳು ಬಂದಿರಬಹುದು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹಳೇಕೋಟೆಗೆ ಹೋದೆ. ಎಂಬತ್ತನಾಲ್ಕರ ಜವರಣ್ಣ ಜಗಲಿಯಲ್ಲಿ ಬಿಸಿಲು ಕಾಯುತ್ತಿದ್ದ. ಪೊರೆ ತೆಗೆಸಿದ ಮೇಲೆ ಕಣ್ಣು ಚೆನ್ನಾಗಿದೆ. ಫೋನು ಕೈಗೆ ಕೊಟ್ಟು ಆ ಚಣದಲ್ಲಿ ಚಿತ್ರ ನಿಲ್ಲಿಸಿದೆ. ದೇವೀರಕ್ಕನೂ ಬಂದು ಬಗ್ಗಿ ನೋಡಿದಳು. ಮೊದಲು ಬಾಯಿ ಬಿಟ್ಟವಳು ಅವಳೇ.

"ಇದು ನಿಂದೇ ಕಾಲು. ದಿನಾ ಎಣ್ಣೆ ಅಚ್ಚೋಳು ನಾನು, ನಂಗೊತ್ತಿಲ್ವಾ."

ಅಷ್ಟು ಹೇಳಿ, ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಊರು ನಕ್ಕಾಗಲೆಲ್ಲ ಅವಳೂ ಜೊತೆಗೆ ನಕ್ಕವಳು.

ನಾನು ಸಾವರಿಸಿಕೊಂಡು, ಅವತ್ತು ಟೆಂಟಿನಲ್ಲಿ ಕೂಗಿದವನು ನಾನೇ ಜವರಣ್ಣ, ತಪ್ಪಾಯಿತು ಎಂದೆ. ಗೊತ್ತು, ನನ್ನ ತೊಡೆಯ ಮೇಲೆ ತಾನೇ ಕೂತಿದ್ದೆ ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಅವನ ಕಣ್ಣು ಫೋನಿನ ಮೇಲೇ ಇತ್ತು. ಅವನ ಮುಖದಲ್ಲಿ ನಾನು ನೋಡಲು ಬಂದ ಸಂತೋಷ ಇರಲಿಲ್ಲ. ಏನೋ ಒಡೆದು ಹಾಕಿ ಸಿಕ್ಕಿಬಿದ್ದವನ ಮುಖ ಅದು.

"ಬೂಟ್ ಕೊಟ್ಟಿದ್ರು ಕಣಪ್ಪ. ಅತ್ತೋವಾಗ ಬಿಟ್ಬುಟ್ಟಿವ್ನಿ. ಅಂತಾ ದೊಡ್ ಮನ್ಸನ ಪಿಚ್ಚರ್ ಕೆಡಿಸ್ಬುಟ್ನಲ್ಲ. ಯಾರ್ಗೂ ತೋರಿಸ್ಬ್ಯಾಡ."

ಐವತ್ತೈದು ವರ್ಷ ಸುಳ್ಳ ಅನ್ನಿಸಿಕೊಂಡವನು, ನಿಜ ಕೈಗೆ ಬಂದಾಗ ಮುಚ್ಚಿಡು ಎನ್ನುತ್ತಾನೆ. ಇದನ್ನು ತೋರಿಸದಿದ್ದರೆ ಕಾರನ್ನು ಬಿಚ್ಚಿಹಾಕುತ್ತಾರೆ, ಇಂಜಿನ್ನು ಒಂದು ಕಡೆ, ಬಾಗಿಲು ಒಂದು ಕಡೆ ಆಗುತ್ತದೆ ಎಂದು ಬಿಡಿಸಿ ಹೇಳಿದೆ. ಬಿಸಿಲು ಜಗಲಿಯಿಂದ ಅಂಗಳಕ್ಕಿಳಿಯಿತು.

"ಕಾರ್ ಉಳೀತದೆ ಅನ್ನಂಗಿದ್ರೆ ತೋರ್ಸು," ಎಂದ ಕೊನೆಗೆ. "ನನ್ ಎಸ್ರು ಮಾತ್ರ ಯೋಳ್ಬ್ಯಾಡ. ಯಾರ್ ಕಾಲು ಅಂದ್ರೆ ಈರೋ ಕಾಲು ಅನ್ನು. ನಮ್ ಗಾಡಿ ಇಡಿಯಾಗಿ ಓಗ್ಲಿ."

ಮಾತು ಕೊಟ್ಟೆ. ಕೊಡದೆ ಏನು ಮಾಡಲಿ?

ಬೆಂಗಳೂರಿನವರು ನಾನು ಕಳಿಸಿದ ಪೆಡಲು, ಪಾದದ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು, ಯುಗಾದಿಗೆ ಎರಡು ದಿನ ಮೊದಲು ಲಾರಿ ಸಮೇತ ಬಂದರು. ಐವತ್ತರ ಆಸುಪಾಸಿನ ಸಭ್ಯ ಮನುಷ್ಯ. ಪೆಡಲಿನ ಪಕ್ಕ ಕಾಗದ ಹಿಡಿದು ಒಂದೊಂದು ಗೆರೆಯನ್ನೂ ತಾಳೆ ನೋಡಿ, ಇದೇ ಎಂದರು. ಕಾರು ಇಡಿಯಾಗಿ ಹೋಗುವುದು ಖಾತ್ರಿಯಾಯಿತು. ಅರ್ಧ ಊರು ಸೇರಿತ್ತು. ಯಾರೋ ಹಕ್ಕಿಗೆ ಕುಂಕುಮ ಹಚ್ಚಿದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಲಾರಿಗೆ ಹಲಗೆ ಒರಗಿಸಿ, ಹಗ್ಗ ಕಟ್ಟಿ ಕಾರನ್ನು ಮೇಲಕ್ಕೆಳೆಯಬೇಕು, ಸ್ಟೀರಿಂಗ್ ಹಿಡಿಯಲು ಒಬ್ಬರು ಒಳಗೆ ಕೂರಬೇಕು. ಲಾರಿಯ ಹುಡುಗ ಮುಂದೆ ಬಂದ. ಜವರಣ್ಣ ಅವನ ಎದೆಗೆ ಕೋಲು ಅಡ್ಡ ಹಿಡಿದು, ತಾನೇ ಬಾಗಿಲು ತೆರೆದು ಹತ್ತಿದ.

ಕಾರು ನರಳುತ್ತ ಹಲಗೆ ಏರಿತು. ನೇರವಾಗಿ, ಒಂದು ಬೆರಳೂ ಆಚೀಚೆ ಆಗದಂತೆ ಏರಿತು. ಮೇಲೆ ಹೋಗಿ ನಿಂತ ಮೇಲೆ ಬೆಂಗಳೂರಿನವರು ಕೆಳಗೆ ನೋಡಿದರು. ಕಾರು ಇದ್ದ ಜಾಗದಲ್ಲಿ, ಧೂಳಿನಲ್ಲಿ, ಒಂದು ಜೊತೆ ಹವಾಯಿ ಚಪ್ಪಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು.

"ಯಾರದು ಸರ್ ಇದು?" ಎಂದು ನನ್ನನ್ನು ಕೇಳಿದರು.

ಊರು ನನ್ನ ಮುಖ ನೋಡುತ್ತಿತ್ತು. ಎಲ್ಲರಿಗೂ ಗೊತ್ತಿರುವ ಚಪ್ಪಲಿ. ಲಾರಿಯ ಮೇಲೆ ಕಾರಿನ ಬಾಗಿಲು ತೆರೆಯಿತು, ಮೊದಲು ಬಲಗಾಲು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿತು. ಅವರು ಆ ಕಾಲು ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. ಮತ್ತೆ ಕಾಲು ನೋಡಿದರು.

"ಹೀರೋದು," ಎಂದೆ. ಟೆಂಟಿನಲ್ಲಿ ಕೂಗಿದಷ್ಟೇ ಗಟ್ಟಿಯಾಗಿ ಹೇಳಿದೆ.

ಯಾರೂ ನಗಲಿಲ್ಲ. ಬೆಂಗಳೂರಿನವರು ಕಾಗದವನ್ನು ಜನರ ಕಡೆಗೆ ತಿರುಗಿಸಿ ಹಿಡಿದರು. ನಾನು ಮಂಡಿ ಹಿಡಿದುಕೊಂಡು ಬಗ್ಗಿ, ಚಪ್ಪಲಿ ಎತ್ತಿಕೊಂಡು ಹೋಗಿ, ಅವನು ಇಳಿಯುವಲ್ಲಿ ಜೋಡಿಸಿಟ್ಟೆ.